ಲಿಂಗ ಮುಟ್ಟಿ ಮಾಡಿದ ಆಣೆ

ನಮ್ಮ ಮನೆಯಲ್ಲಿ ಕುಡಿತಕ್ಕೆ ಇರುವುದು ಒಂದೇ ಔಷಧ, ಆಣೆ. ಹಳಿಯಾಳದ ಹತ್ತಿರದ ನಮ್ಮೂರಲ್ಲಿ ಯಾರ ಮಗ ಕುಡಿದು ಬಿದ್ದರೂ ಹಿರಿಯರು ಬಂದು ಕೂರುತ್ತಾರೆ. ಅವನ ಕೊರಳಿನ ಲಿಂಗವನ್ನು ಅವನದೇ ಅಂಗೈಯಲ್ಲಿ ಇಡಿಸಿ "ಇನ್ನ ಮುಟ್ಟೂದಿಲ್ಲ" ಅನ್ನಿಸುತ್ತಾರೆ. ಆಮೇಲೆ ಚಹಾ ಕುಡಿದು ಎದ್ದು ಹೋಗುತ್ತಾರೆ.

ನನ್ನ ತಮ್ಮ ಜೊಯಿಡಾ ಕಾಡಿನ ಕಡೆ ಪ್ರವಾಸಿಗರ ಜೀಪು ಓಡಿಸುತ್ತಾನೆ. ಅವರು ಅರ್ಧ ಉಳಿಸಿ ಹೋದ ಬಾಟ್ಲಿಯಿಂದ ಶುರುವಾದದ್ದು, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬೇಕು ಅನ್ನುವಲ್ಲಿಗೆ ಬಂದು ನಿಂತಿತ್ತು. ಆಣೆ ಅವನಿಗೆ ಹೊಸದಲ್ಲ. ಕುಡಿಯಲು ಹೊರಡುವ ಮುಂಚೆ ಲಿಂಗವನ್ನು ಕೊರಳಿಂದ ತೆಗೆದು ಪಡಸಾಲೆಯ ಮೊಳೆಗೆ ಸಿಕ್ಕಿಸಿ ಹೋಗುತ್ತಿದ್ದ. ಲಿಂಗ ಮೈಮೇಲಿಲ್ಲ ಅಂದರೆ ಆಣೆಯೂ ಇಲ್ಲ ಎಂಬುದು ಅವನ ವಾದ. ಮೊಳೆಯ ಕಡೆ ನೋಡಿದರೆ ಸಾಕು, ಅವನೆಲ್ಲಿದ್ದಾನೆ ಎಂದು ನಮಗೆ ಗೊತ್ತಾಗುತ್ತಿತ್ತು.

ಕಳೆದ ಶ್ರಾವಣದಲ್ಲಿ, ನಾನು ಪಂಚಮಿಗೆಂದು ತವರಿಗೆ ಬಂದಿದ್ದಾಗ, ಅವ್ವ ಆ ದಾರಿಯನ್ನೂ ಮುಚ್ಚಿದಳು. ಲಿಂಗವನ್ನು ಕೊರಳಿಂದ ತೆಗೆಯುವುದಿಲ್ಲ ಎಂದೂ ಆಣೆ ಮಾಡಿಸಿದಳು.

"ದವಾಖಾನಿಗೆ ತೋರಸೂಣು, ಎವ್ವಾ" ಅಂದೆ.

"ಅವಗೇನ ಜಡ್ಡ ಆಗೇತೇನ? ಮನಸ ಗಟ್ಟಿ ಮಾಡ್ಲಿ, ಸಾಕು" ಅಂದಳು. ಮದುವೆಯಾಗಿ ಹೋದ ಮಗಳ ಮಾತಿಗೆ ತವರಲ್ಲಿ ಎಲ್ಲಿಯ ಬೆಲೆ!

ಈ ಸಲ ಅವನು ನಿಜವಾಗಿಯೂ ಬಿಟ್ಟ. ಒಮ್ಮೆಲೇ ಬಿಟ್ಟ. ಮರುದಿನ ಚಹಾದ ಕಪ್ಪು ಹಿಡಿಯಲಾಗದಷ್ಟು ಕೈ ನಡುಗಿತು, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತು. ಗೋಡೆ ತುಂಬ ಇರುವೆ ಹರಿಯುತ್ತಿವೆ ಎಂದು ಬರಿಗೋಡೆಯನ್ನು ಕೈಯಿಂದ ಒರೆಸತೊಡಗಿದ. "ಒಳಗಿನ ವಿಷ ಹೊರಗ ಬರಾಕತ್ತೈತಿ" ಎಂದು ಅವ್ವ ಹಣೆಗೆ ವಿಭೂತಿ ಹಚ್ಚಿದಳು. ನನಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಅಷ್ಟರಲ್ಲಿ ಊಟಕ್ಕೆ ಕೂತಲ್ಲೇ ಅವನು ಕಣ್ಣು ಮೇಲೆ ಮಾಡಿ ಸೆಟೆದು ಬಿದ್ದ. ಬಾಯಿಂದ ನೊರೆ ಬಂತು.

ಪಕ್ಕದ ಮನೆಯವರ ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರಮ್ಮ ನಮ್ಮ ಮೇಲೆಯೇ ಸಿಟ್ಟಾದರು. "ದಿನಾ ಕುಡಿಯೋರು ಹಿಂಗ ಒಮ್ಮೆಲೇ ಬಿಟ್ರ ಜೀವಾನ ಹೋಗಬಹುದ್ರಿ. ಬಿಡಸಬೇಕಂದ್ರ ಮೊದಲ ಇಲ್ಲಿಗೆ ಕರಕೊಂಡ ಬರ್ರಿ. ಗುಳಿಗಿ ಕೊಟ್ಟು ಬಿಡಸ್ತೇವಿ." ಅವ್ವ ತಲೆಯಾಡಿಸಿದಳು.

ಮನೆಗೆ ಕರೆತಂದ ದಿನ ಸೋದರಮಾವ ನೋಡಲು ಬಂದ. "ಕದ್ದು ಕುಡದಿರಬೇಕು. ಆಣಿ ಮುರದ್ರ ದೇವರು ಬಿಡತಾನೇನ?" ಅಂದ. ಅವ್ವ ಅದಕ್ಕೂ ತಲೆಯಾಡಿಸಿದಳು.

ತಮ್ಮ ನನ್ನ ಕಡೆ ನೋಡಿದ. "ಅಕ್ಕಾ, ಈ ಸಲ ಖರೇನ ಮುಟ್ಟಿದ್ದಿಲ್ಲ."

ನನಗೆ ತಡೆಯಲಾಗಲಿಲ್ಲ. "ಡಾಕ್ಟರ್ ಹೇಳಿದ್ದು ಯಾರಿಗೂ ಕೇಳಸಲಿಲ್ಲೇನ? ಕುಡದಿದ್ದಕ್ಕಲ್ಲ, ಬಿಟ್ಟಿದ್ದಕ್ಕ ಹಿಂಗ ಆಗೇತಿ!" ಎಂದು ಕೂಗಿದೆ. ಲಿಂಗ ಅವನ ಕೊರಳಲ್ಲೇ ಇತ್ತು. ಆಸ್ಪತ್ರೆಯ ಮಂಚದ ಮೇಲೂ ಅವನು ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಅದನ್ನು ನೋಡುವ ಕಣ್ಣು ಯಾರಿಗಿತ್ತು?

"ಕುಡಿಯೋರೆಲ್ಲಾ ಹಂಗ ಅಂತಾರ" ಅಂದ ಮಾವ. "ಕೈ ಚಾಚೋ" ಅಂದ.

ತಮ್ಮ ಕೈ ಚಾಚಿದ. ಮಾವ ಹೇಳಿಸಿದ್ದನ್ನೆಲ್ಲ ಹೇಳಿದ. ಅವ್ವ ಚಹಾಕ್ಕೆ ಇಟ್ಟಳು.

ಬೆಳಿಗ್ಗೆ ಗುಳಿಗೆ, ನೀರಿನ ಲೋಟ ಹಿಡಿದು ಪಡಸಾಲೆಗೆ ಹೋದೆ. ಹಾಸಿಗೆ ಖಾಲಿಯಿತ್ತು. ಲಿಂಗ ಮೊಳೆಯಲ್ಲಿತ್ತು.