ಗೆರೆಯಾಚೆ ಕೂತ ಕೋಚು

ಹಗಲೆಲ್ಲ ಹೊಲಿಗೆ ಮಿಷನ್ನು ತುಳಿಯುವ ಟೈಲರಕ್ಕ ಸಂಜೆಯಾದರೆ ಹುಡುಗಿಯರ ವಾಲಿಬಾಲ್ ತಂಡಕ್ಕೆ ಕೋಚು. ಎರಡೂ ಕಡೆ ಅವಳದು ಒಂದೇ ಚಾಳಿ, ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಮತ್ತೆ ಮಾಡಿಸುವುದು. ತಂಡದಲ್ಲಿ ಅವಳ ಕಾನೂನು ಎರಡೇ. ಒಂದು, ಚೆಂಡು ನೆಲಕ್ಕೆ ಬಿದ್ದರೆ ಪಕ್ಕದವಳ ಮುಖ ನೋಡಕೂಡದು. ತಪ್ಪು ಯಾರದೋ ಅವಳೇ ಕೈಯೆತ್ತಿ "ನಂದು" ಅನ್ನಬೇಕು. ಎರಡು, ತಡವಾಗಿ ಬಂದವರು ಆವತ್ತು ಅಂಕಣದ ಗೆರೆಯಾಚೆ ಕೂರಬೇಕು, ತುಟಿಪಿಟಕ್ಕೆನ್ನದೆ.

ಹೋದ ವರ್ಷ ಫೈನಲ್ಲಿನ ದಿನವೇ ತಡವಾಗಿ ಬಂದವಳು ಅವಳ ಸ್ವಂತ ಮಗಳು. ಶೂ ಲೇಸು ಕಿತ್ತುಹೋಗಿತ್ತಂತೆ. ತಂಡದ ಬಲಗೈಯಂತಿದ್ದ ಹುಡುಗಿಯನ್ನು ಟೈಲರಕ್ಕ ಆಚೆ ಕೂರಿಸಿಯೇಬಿಟ್ಟಳು. ತಂಡ ಸೋತಿತು. "ನೀನು ತಾಯಿನೋ ಪೊಲೀಸೋ?" ಎಂದು ಗಂಡ ರೇಗಿದ. ಮಗಳು ಮುಖ ಊದಿಸಿಕೊಂಡು ಮಾತೇ ಬಿಟ್ಟಳು. ಟೈಲರಕ್ಕ ಜಗ್ಗಲಿಲ್ಲ. ಆ ರಾತ್ರಿ ಮಾತ್ರ ಮಗಳ ಶೂಗೆ ಹೊಸ ಲೇಸು ಪೋಣಿಸಿಟ್ಟಳು.

ಈ ವರ್ಷ ಮಗಳೇ ನಾಯಕಿ. ಮತ್ತೆ ಫೈನಲ್ಲು, ಮತ್ತೆ ಅದೇ ಎದುರಾಳಿ. ಆ ಬೆಳಿಗ್ಗೆ ಟೈಲರಕ್ಕ ಗಿರಾಕಿಯೊಬ್ಬನ ಕೋಟಿಗೆ ಎಡತೋಳನ್ನು ಬಲಕ್ಕೆ ಕೂರಿಸಿಬಿಟ್ಟಳು. ತಲೆಯಲ್ಲಿ ಪಂದ್ಯವೇ ಓಡುತ್ತಿದ್ದರೆ ಇನ್ನೇನಾದೀತು! ಬಿಚ್ಚಿ, ಹೊಲಿದು, ಎದ್ದೆನೋ ಬಿದ್ದೆನೋ ಎಂದು ಮೈದಾನಕ್ಕೆ ಓಡಿ ಬರುವಷ್ಟರಲ್ಲಿ ಹುಡುಗಿಯರು ಸಾಲಾಗಿ ನಿಂತಾಗಿತ್ತು.

"ಕೋಟಿನ ತೋಳು ಕಣ್ರೇ, ಅದು..."

ಮಗಳು ಸ್ಕೋರು ಮೇಜಿನ ಮೇಲಿದ್ದ ಗಡಿಯಾರ ನೋಡಿದಳು. "ಅಮ್ಮ, ಗೆರೆ ಆಚೆ."

"ಏಯ್, ನಾನು ಕೋಚು ಕಣೇ! ಇವತ್ತು ಫೈನಲ್ಲು!"

"ಹೋದ್ಸಲಾನೂ ಫೈನಲ್ಲೇ ಇತ್ತು."

ಟೈಲರಕ್ಕನ ಮೂಗಿನ ತುದಿಗೆ ಬಂದ ಕೋಪ ಅಲ್ಲೇ ನಿಂತಿತು. ಮೆಲ್ಲಗೆ ಕೈಯೆತ್ತಿ, "ನಂದು" ಎಂದು ಹೋಗಿ ಕೂತಳು.

ಆಹಾ, ಆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೆಂದರೆ! ಕತ್ತಲ್ಲೇ ಉಳಿದಿದ್ದ ಅಳತೆ ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಕೊನೆಯ ಸೆಟ್ಟು ಸಮಸಮವಾಗಿದ್ದಾಗ ಚೆಂಡು ಇಬ್ಬರ ನಡುವೆ ದೊಪ್ಪನೆ ಬಿತ್ತು. ಬೇರೆ ತಂಡವಾಗಿದ್ದರೆ ಅಲ್ಲೇ ಜಗಳ. ಇಲ್ಲಿ ಎರಡು ಕೈ ಒಟ್ಟಿಗೆ ಮೇಲೆದ್ದವು. "ನಂದು!" "ಇಲ್ಲ, ನಂದು!"

ಮಗಳು ನಕ್ಕು ಒಬ್ಬೊಬ್ಬರಿಗೂ ಬೆರಳು ತೋರಿಸಿದಳು. "ಸರಿ, ಮುಂದಿಂದು ನಿಂದು, ಹಿಂದಿಂದು ನಿಂದು. ಆಡಿ." ಮತ್ತೆ ಅದೇ ಜಾಗಕ್ಕೆ ಬಂದ ಚೆಂಡನ್ನು ಹಿಂದಿನವಳು ಎತ್ತಿದಳು, ಮಗಳು ಹೊಡೆದಳು. ಅಲ್ಲಿಂದಾಚೆಗೆ ಎದುರಾಳಿಗಳು ಚೇತರಿಸಿಕೊಳ್ಳಲೇ ಇಲ್ಲ.

ಬಹುಮಾನ ಕೊಡಲು ಬಂದ ಹಿರಿಯರು ಸುತ್ತ ನೋಡಿ ಕೇಳಿದರು: "ಯಾರ್ದಮ್ಮ ಈ ಟೀಮು? ಕೋಚ್ ಎಲ್ಲಿ?"

ಮಗಳು ಅವರ ಕೈಯಿಂದ ಕಪ್ ಇಸಿದುಕೊಂಡಳು. ಗೆರೆ ದಾಟಿ ಬಂದು, ಅದನ್ನು ಅಮ್ಮನ ಮಡಿಲಲ್ಲಿಟ್ಟು ಪಕ್ಕದಲ್ಲೇ ಕೂತಳು. "ಹೇಳಮ್ಮ, ಕೇಳ್ತಿದಾರೆ."

ಟೈಲರಕ್ಕ ಟೇಪು ಬಾಯಿಂದ ತೆಗೆದಳು. ಕೈಯನ್ನು ಆದಷ್ಟು ಮೇಲಕ್ಕೆತ್ತಿದಳು.

"ನಂದು!"