ಚುಕ್ಕಿ ಇಲ್ಲದ ಪ್ರಶ್ನೆ

ಮೊನ್ನೆ ಭಾನುವಾರ ನನ್ನ ಹೆಂಡತಿ ಮನೆಯ ಗಾದಿಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿಸಿದಳು. ಹಾಕಿಸಿದಳು ಎಂದರೆ ಹೊತ್ತವನು ನಾನು ಎಂದು ಬೇರೆ ಹೇಳಬೇಕಾಗಿಲ್ಲ. ಬಳ್ಳಾರಿಯ ಬಿಸಿಲನ್ನು ನೀವು ಎಷ್ಟು ಬೈದರೂ ಗಾದಿ ಒಣಗಿಸುವುದರಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಕೋಲು ತೆಗೆದುಕೊಂಡು ನಾಲ್ಕು ಬಾರಿಸಿದೆ. ಹಳೆಯ ಹತ್ತಿಯ ಬೆಚ್ಚನೆಯ ವಾಸನೆ ಎದ್ದಿತು, ಜೊತೆಗೆ ಒಂದು ಎಳೆ ಎದ್ದು ಮೂಗಿಗೆ ಹೊಕ್ಕಿತು. ಪಾರ್ವತಿನಗರದ ಮೂರು ಮನೆಗಳಿಗೆ ಕೇಳುವಂತೆ ಸೀನಿದೆ.

"ಆ ಹಳೇ ಗಾದಿ ಬಿಸಾಕಿ ಫೋಮಿಂದು ತರೋಣಾ ಅಂದ್ರ ಕೇಳೋದಿಲ್ಲ ನೀವು," ಎಂದಳು ಹೆಂಡತಿ ಕೆಳಗಿನಿಂದ.

ಕೇಳುವುದಿಲ್ಲ, ನಿಜ. ಅದು ಮಾಬುಸಾಬರು ತುಂಬಿ ಹೊಲಿದ ಗಾದಿ. ಮಾಬುಸಾಬರ ಜೊತೆ ನಾನು ಒಮ್ಮೆ ದೆಹಲಿಗೆ ಹೋಗಿ, ದೇಶದ ಸಂಸತ್ತಿನಲ್ಲಿ ಒಂದು ದಿನದ ಕಲಾಪ ನೋಡಿ ಬಂದಿದ್ದೇನೆ. ಗಾದಿ ಮಾಡುವವರಿಗೂ ಸಂಸತ್ತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸರಕಾರವೂ ಅದನ್ನೇ ಕೇಳಿತು.

ನಾನು ಕುರುಗೋಡಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಕಾಲದಲ್ಲಿ ಮಾಬುಸಾಬರು ಸಿರುಗುಪ್ಪದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಹೆಗಲ ಮೇಲೆ ಹತ್ತಿ ಹಿಂಜುವ ಆಳೆತ್ತರದ ಬಿಲ್ಲು. ಅದನ್ನು ಬಸ್ಸಿನೊಳಗೆ ತೂರಿಸುವಾಗ ಕಂಡಕ್ಟರನಿಗೂ ಅವರಿಗೂ ದಿನವೂ ಒಂದು ಸಣ್ಣ ಮಹಾಭಾರತ ನಡೆಯುತ್ತಿತ್ತು. ಓಣಿಯಲ್ಲಿ ಕೂತು ಬಿಲ್ಲಿನ ನರವನ್ನು ಮೀಟಿದರೆ ಟಂಯ್ ಟಂಯ್ ಎಂಬ ನಾದ ನನ್ನ ತರಗತಿಯವರೆಗೂ ಬರುತ್ತಿತ್ತು, ಮಕ್ಕಳು ನನ್ನ ವ್ಯಾಕರಣ ಬಿಟ್ಟು ಅದನ್ನೇ ಕೇಳುತ್ತಿದ್ದರು. ಅವರ ಅಭಿರುಚಿಯ ಬಗ್ಗೆ ನನಗೆ ದೂರಿಲ್ಲ. ನನ್ನ ಮದುವೆಗೆ ಗಾದಿ ಮಾಡಿಕೊಟ್ಟಾಗ ಅವರು ಎಚ್ಚರಿಸಿದ್ದರು: "ಇದರ ಮ್ಯಾಲ ಮಕ್ಕಂಡ್ರ ಕಲಿತಿದ್ದೆಲ್ಲಾ ಮರತುಹೋಗ್ತೈತಿ ನೋಡ್ರಿ ಸಾರ್." ಅದಕ್ಕೆ ಗಾದಿಯ ಸಹಾಯ ನನಗೆ ಬೇಕಿರಲಿಲ್ಲ.

ಮುಂದೆ ಬಿಲ್ಲು ಹೋಯಿತು, ಹಿಂಜುವ ಯಂತ್ರ ಬಂತು. ಮಾಬುಸಾಬರು ಸಿರುಗುಪ್ಪದಲ್ಲೇ ಒಂದು ಅಂಗಡಿ ಹಾಕಿದರು. ಯಂತ್ರ ಕೆಲಸವನ್ನು ಹತ್ತು ಪಟ್ಟು ಮಾಡಿತು, ಧೂಳನ್ನೂ ಹತ್ತು ಪಟ್ಟು ಮಾಡಿತು. ಆ ಸಣ್ಣ ಕೋಣೆಯಲ್ಲಿ ಬಿಳಿಯ ಮಂಜು ಕವಿದಂತಿರುತ್ತಿತ್ತು. ಮಾಬುಸಾಬರಿಗೆ ಕೆಮ್ಮು ಹತ್ತಿತು, ಕೆಮ್ಮಿನ ಬೆನ್ನಿಗೆ ದಮ್ಮು.

ನಾನು ನಿವೃತ್ತನಾಗಿ ಪಾರ್ವತಿನಗರದಲ್ಲಿ ಮನೆ ಮಾಡಿದೆ. ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಊರು ಕೊಡುವ ಕೆಲಸ ಒಂದೇ, ಅರ್ಜಿ ಬರೆಯುವುದು. ಒಂದು ದಿನ ಮಾಬುಸಾಬರು ಏದುಸಿರು ಬಿಡುತ್ತ ಬಂದರು. ಕೈಕಸುಬಿನವರಿಗಾಗಿ ಕೇಂದ್ರದ್ದೊಂದು ಯೋಜನೆ ಇತ್ತಂತೆ. ಅದರ ಕಾರ್ಡು ಸಿಕ್ಕರೆ ಧೂಳಿನಲ್ಲಿ ದುಡಿಯುವವರಿಗೆ ಎದೆಯ ತಪಾಸಣೆ, ಔಷಧ, ಅಂಗಡಿಗೆ ಧೂಳು ಹೀರುವ ಯಂತ್ರ. ಆದರೆ ಕಚೇರಿಯವರು ಕಸುಬುಗಳ ಪಟ್ಟಿ ತೋರಿಸಿ ವಾಪಸು ಕಳಿಸಿದ್ದರು. ಪಟ್ಟಿಯಲ್ಲಿ ಬುಟ್ಟಿ ಹೆಣೆಯುವವರಿದ್ದರು, ಕಂಬಳಿ ನೇಯುವವರಿದ್ದರು, ಕೊಳಲು ಮಾಡುವವರೂ ಇದ್ದರು. ಗಾದಿ ಮಾಡುವವರು ಇರಲಿಲ್ಲ.

"ದೇಶಾನ ಮಕ್ಕಂಡೈತಿ ಸಾರ್, ಗಾದಿ ಯಾರು ಮಾಡ್ತಾರ ಅನ್ನೋದು ಗೊತ್ತಿಲ್ಲಂತ," ಎಂದರು.

ಮೂರು ಪುಟ ಅರ್ಜಿ ಬರೆದೆ. ನನ್ನ ಹಳೆಯ ಶಿಷ್ಯ ಈರಣ್ಣ ಆಗ ಒಬ್ಬ ಸಂಸದರ ಆಪ್ತ ಸಹಾಯಕನಾಗಿ ದೆಹಲಿಯಲ್ಲಿದ್ದ. ಶಾಲೆಯಲ್ಲಿ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ, ಆದ್ದರಿಂದ ಸರಿಯಾದ ಜಾಗಕ್ಕೇ ಸೇರಿದ್ದ. ಅರ್ಜಿಯನ್ನು ಅವನಿಗೆ ಕಳಿಸಿದೆ. ನನ್ನ ಮೂರು ಪುಟ ಅವನ ಕೈಯಲ್ಲಿ, ಸಂಸದರು ಸದನದಲ್ಲಿ ಕೇಳುವ ಪ್ರಶ್ನೆಯಾಗಿ, ಮೂರು ಸಾಲಾಯಿತು. (ಎ) ಗಾದಿ ಮಾಡುವವರನ್ನು ಪಟ್ಟಿಗೆ ಸೇರಿಸುವ ಪ್ರಸ್ತಾವ ಇದೆಯೇ? (ಬಿ) ಇದ್ದರೆ, ವಿವರಗಳೇನು? (ಸಿ) ಇಲ್ಲದಿದ್ದರೆ, ಕಾರಣಗಳೇನು?

ಕೆಲವು ವಾರಗಳ ಮೇಲೆ ಫೋನು ಬಂತು. "ಸಾರ್, ನಮ್ಮ ಪ್ರಶ್ನಿ ಸಂಸತ್ತಿನ ಪ್ರಶ್ನಿ ಪಟ್ಟಿಯಾಗ ಬಂದೈತಿ. ನೀವಿಬ್ಬರೂ ಬರ್ರಿ, ಪಾಸ್ ಮಾಡಸ್ತೀನಿ."

ಮಂತ್ರಿಗಳು ಎದ್ದು ನಿಂತು, ನಿಮ್ಮ ಕಡೆ ನೋಡದಿದ್ದರೂ ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತಾರೆ ಎಂದು ಮಾಬುಸಾಬರಿಗೆ ವಿವರಿಸಿದೆ. ಪೌರನೀತಿಯನ್ನೂ ನಾನೇ ಎರಡು ವರ್ಷ ಪಾಠ ಮಾಡಿದ್ದವನು, ಧೈರ್ಯವಾಗಿ ಹೇಳಿದೆ. ಅವರು ಹೊಸದೊಂದು ಬಿಳಿ ಜುಬ್ಬಾ ಹೊಲಿಸಿದರು. ಗುಂತಕಲ್ಲಿನಲ್ಲಿ ರೈಲು ಹತ್ತಿದೆವು.

ಸಂಸತ್ತಿನ ಬಾಗಿಲಲ್ಲಿ ನಮ್ಮ ತಪಾಸಣೆ ಶುರುವಾಯಿತು. ನನ್ನ ಪೆನ್ನು ಹೋಯಿತು, ಫೋನು ಹೋಯಿತು, ಮಾಬುಸಾಬರ ಎಲೆಯಡಿಕೆ ಚೀಲ ಹೋಯಿತು, ಕೆಮ್ಮಿಗೆಂದು ಇಟ್ಟುಕೊಂಡಿದ್ದ ಕಲ್ಲುಸಕ್ಕರೆಯೂ ಹೋಯಿತು. ಕಾವಲಿನವರು ಅವರ ಹೆಸರು ನೋಡಿ ಉರ್ದುವಿನಲ್ಲಿ ಏನೇನೋ ಕೇಳಿದರು. ಮಾಬುಸಾಬರಿಗೆ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು. ಅವರು ನನ್ನ ಮುಖ ನೋಡಿದರು. ನಾನು ನನ್ನ ಹಿಂದಿ ಪ್ರಯೋಗಿಸಿದೆ. ಕಾವಲಿನವರು ಒಬ್ಬರನ್ನೊಬ್ಬರು ನೋಡಿಕೊಂಡು, ಇಂಥ ಹಿಂದಿಯವನಿಂದ ದೇಶಕ್ಕೆ ಅಪಾಯವಿಲ್ಲ ಎಂದು ತೀರ್ಮಾನಿಸಿ ಒಳಗೆ ಬಿಟ್ಟರು.

ಪ್ರೇಕ್ಷಕರ ಗ್ಯಾಲರಿಯಲ್ಲಿ ನಿಯಮಗಳನ್ನು ಹೇಳಿಕೊಟ್ಟರು. ಮಾತಾಡಬಾರದು, ನಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಎದ್ದು ನಿಲ್ಲಬಾರದು. ಸದನದ ಗೌರವ ಕಾಪಾಡುವ ಪೂರ್ತಿ ಹೊಣೆ ಮೇಲೆ ಕೂತ ನಮ್ಮದು ಎಂದು ತಿಳಿದು ನನಗೆ ಹೆಮ್ಮೆಯೂ ಆಯಿತು.

ಹನ್ನೊಂದಕ್ಕೆ ಸರಿಯಾಗಿ ಸಭಾಧ್ಯಕ್ಷರು ಬಂದರು. ಎಲ್ಲರೂ ಎದ್ದು ನಿಂತರು. ಸಭಾಧ್ಯಕ್ಷರು ಕೂತರು, ಉಳಿದವರಲ್ಲಿ ಅರ್ಧ ಜನ ಕೂಡಲಿಲ್ಲ. ಪ್ರಶ್ನೋತ್ತರ ಅವಧಿ ಎಂದು ಘೋಷಣೆಯಾಯಿತು, ಆ ಪದ ಮುಗಿಯುವ ಮೊದಲೇ ಒಂದು ಗುಂಪು ಫಲಕ ಹಿಡಿದು ಪೀಠದ ಮುಂದಿನ ಅಂಗಳಕ್ಕೆ ಇಳಿಯಿತು. ಇನ್ನೊಂದು ಗುಂಪು ನಿಂತಲ್ಲಿಂದಲೇ ಕೂಗತೊಡಗಿತು. ಈ ಗುಂಪಿಗೆ ಆ ಗುಂಪಿನ ಮಾತು ಕೇಳುತ್ತಿರಲಿಲ್ಲ, ಕೇಳಬೇಕೆಂಬ ಆಸೆಯೂ ಕಾಣಲಿಲ್ಲ. ಸಭಾಧ್ಯಕ್ಷರು "ಬೈಠಿಯೇ, ಬೈಠಿಯೇ" ಎಂದು ಮತ್ತೆ ಮತ್ತೆ ಕೂಡಲು ಹೇಳುತ್ತಿದ್ದರು. ನನ್ನ ತರಗತಿಯಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಸೀಮೆಸುಣ್ಣ ಹಾರಿರುತ್ತಿತ್ತು.

ಮಾಬುಸಾಬರು ಮಾತ್ರ ಆಸನಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯಲ್ಲಿ, "ಸಾರ್, ಅಷ್ಟು ಚಲೋ ಗಾದಿ ಹಾಕ್ಯಾರ. ಒಬ್ಬರಿಗೂ ಕುಂದ್ರಾಕ ಬರವಲ್ದಲ್ರಿ," ಎಂದರು.

ನನಗೆ ನಗು ಬಂತು, ನಿಯಮ ನೆನಪಾಗಿ ನುಂಗಿದೆ. ಮಾಬುಸಾಬರಿಗೆ ಬಂದದ್ದು ಕೆಮ್ಮು. ಒಂದು ಸಲ ಕೆಮ್ಮಿದರು. ಗ್ಯಾಲರಿಯ ಕಾವಲಿನವನು ತುಟಿಯ ಮೇಲೆ ಬೆರಳಿಟ್ಟ. ಮಾಬುಸಾಬರು ಟವೆಲನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು, ಕಣ್ಣಲ್ಲಿ ನೀರು ತುಂಬಿತ್ತು. ಕೆಳಗೆ ಇಡೀ ಸದನ ಕಿರಿಚುತ್ತಿತ್ತು. ಮೇಲೆ ಒಬ್ಬ ಮುದುಕ ತನ್ನ ಕೆಮ್ಮನ್ನು ನುಂಗುತ್ತಿದ್ದ.

ಕಾಫಿ ಆರುವಷ್ಟರೊಳಗೆ ಸಭೆಯನ್ನು ಹನ್ನೆರಡಕ್ಕೆ ಮುಂದೂಡಿದರು. ಅಂಗಳದಲ್ಲಿ ಗುದ್ದಾಡುವಂತೆ ಕಾಣುತ್ತಿದ್ದ ಇಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಗುತ್ತ ಹೊರಗೆ ಹೋದರು.

ಹೊರಗೆ ಈರಣ್ಣ ಸಿಕ್ಕ. "ಮಂತ್ರಿ ನಮ್ಮ ಪ್ರಶ್ನೆಗೆ ಉತ್ತರ ಹೇಳೋದು ಯಾವಾಗಲೇ ಈರಣ್ಣ?" ಎಂದು ಕೇಳಿದೆ.

"ಹೇಳೂದಿಲ್ಲ ಸಾರ್. ಚುಕ್ಕಿ ಗುರುತಿನ ಪ್ರಶ್ನಿಗೆ ಬಾಯಿಲೆ ಉತ್ತರ. ನಮ್ಮದು ಚುಕ್ಕಿ ಇಲ್ಲದ್ದು. ಉತ್ತರ ಬರದು ಮೇಜಿನ ಮ್ಯಾಲ ಇಡ್ತಾರ."

ಪೌರನೀತಿಯ ಮೇಷ್ಟ್ರಾದ ನಾನು ತಲೆ ತಗ್ಗಿಸಿದೆ. ಮಾಬುಸಾಬರು ಮೆಲ್ಲಗೆ, "ನಮ್ಮದಕ್ಕ ಚುಕ್ಕಿ ಯಾಕ ಹಚ್ಚಲಿಲ್ಲಪಾ?" ಎಂದರು. ಈರಣ್ಣ ಗಡಿಯಾರ ನೋಡಿಕೊಂಡ.

ಹನ್ನೆರಡಕ್ಕೆ ಮತ್ತೆ ಕೂತೆವು. ಗದ್ದಲ ಬಿಟ್ಟಲ್ಲಿಂದಲೇ ಮುಂದುವರಿಯಿತು. ಆ ಗದ್ದಲದ ನಡುವೆ ಮಂತ್ರಿಗಳು ಒಬ್ಬೊಬ್ಬರಾಗಿ ಎದ್ದು, ಕಾಗದಪತ್ರಗಳನ್ನು ಸದನದ ಮೇಜಿನ ಮೇಲಿಡಲು ಬೇಡಿಕೊಳ್ಳುತ್ತೇನೆ ಎಂದು ಹೇಳಿ ಕೂತರು. ಮಂತ್ರಿಗಳು ಬೇಡಿಕೊಳ್ಳುವುದನ್ನು ನಾವು ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಲ್ಲಿ ನೋಡುತ್ತೇವೆ. ಇಲ್ಲಿ ಅದು ದಿನವೂ ನಡೆಯುತ್ತದೆ, ಮತ್ತು ಬೇಡಿದ್ದು ಆ ಕ್ಷಣವೇ ಸಿಗುತ್ತದೆ. ಆಮೇಲೆ ಒಂದು ಮಸೂದೆ ಬಂತು. ಪರವಾಗಿರುವವರು ಹೌದು ಎನ್ನಿ, ವಿರೋಧವಿರುವವರು ಇಲ್ಲ ಎನ್ನಿ ಎಂದರು. ಹೌದು ಎಂದದ್ದು ಯಾರು, ಇಲ್ಲ ಎಂದದ್ದು ಯಾರು, ದೇವರಿಗೂ ಕೇಳಿಸಿರಲಾರದು. ಸಭಾಧ್ಯಕ್ಷರಿಗೆ ಕೇಳಿಸಿತು. ಮಸೂದೆ ಪಾಸಾಯಿತು. ಸಭೆಯನ್ನು ನಾಳೆಗೆ ಮುಂದೂಡಿದರು.

"ಮುಗೀತೇನ್ರಿ?" ಎಂದರು ಮಾಬುಸಾಬರು. "ಮುಗೀತು," ಎಂದೆ. "ಮತ್ತ ಯಾರೂ ಏನೂ ಮಾತಾಡಲಿಲ್ಲಲ್ರಿ?"

ಈರಣ್ಣ ಓಡುತ್ತ ಬಂದು ಉತ್ತರದ ಪ್ರತಿಯನ್ನು ನನ್ನ ಕೈಗಿಟ್ಟು, ಸಾಹೇಬರು ಕರೀತಾರ ಎಂದು ಓಡುತ್ತಲೇ ಹೋದ. ಇಂಗ್ಲಿಷಿನಲ್ಲಿ ಎರಡೇ ಸಾಲು. (ಎ) ಇಲ್ಲ. (ಬಿ) ಮತ್ತು (ಸಿ): ಪ್ರಶ್ನೆ ಉದ್ಭವಿಸುವುದಿಲ್ಲ.

ಇಲ್ಲದಿದ್ದರೆ ಕಾರಣವೇನು ಎಂದು ಕೇಳಿದ್ದೆವು. ಇಲ್ಲ, ಆದ್ದರಿಂದ ಕಾರಣದ ಪ್ರಶ್ನೆಯೇ ಹುಟ್ಟುವುದಿಲ್ಲ ಎಂದಿದ್ದರು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೇನೆ. ಇಷ್ಟು ನಿಶ್ಚಿಂತವಾದ ಉತ್ತರವನ್ನು ಈರಣ್ಣನೂ ಬರೆದಿರಲಿಲ್ಲ.

ಮಾಬುಸಾಬರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಹೊಸ ಜುಬ್ಬಾದ ಇಸ್ತ್ರಿ ಇನ್ನೂ ಕೆಟ್ಟಿರಲಿಲ್ಲ. "ಏನಂದಾರ್ರಿ ಸಾರ್?"

"ನೋಡೋಣ ಅಂದಾರ ಮಾಬುಸಾಬ್ರ," ಎಂದೆ. "ಪಟ್ಟಿಗೆ ಸೇರಿಸೋ ವಿಚಾರ ನಡದೈತಿ ಅಂತ ಬರದಾರ."

ಅವರು ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಯಾಕೆ ಹಾಗೆ ಹೇಳಿದೆ ಎಂದು ನೀವು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರಗಳಿವೆ. ಅಷ್ಟು ದೂರ ಬಂದವರ ಮನಸ್ಸು ಮುರಿಯಬಾರದು, ವಯಸ್ಸಾದವರು, ಇತ್ಯಾದಿ. ಎಲ್ಲವನ್ನೂ ಮೇಜಿನ ಮೇಲೆ ಇಡಬಲ್ಲೆ. ನಿಜ ಏನೆಂದರೆ, ಅವರ ಮುಂದೆ ಸೋತ ಮೇಷ್ಟ್ರಾಗಿ ನಿಲ್ಲುವುದು ನನಗೆ ಬೇಕಿರಲಿಲ್ಲ.

ಮಾಬುಸಾಬರು ಸಿರುಗುಪ್ಪಕ್ಕೆ ಹೋಗಿ ಕಸುಬಿನವರನ್ನೆಲ್ಲ ಕರೆದು ಚಹಾ ಕುಡಿಸಿದರು. ಆ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದರು. ನಾನು ಆಗಾಗ ಫೋನು ಮಾಡುತ್ತಿದ್ದೆ. ಪ್ರತಿ ಸಲವೂ ಆ ಕಡೆ ಕೆಮ್ಮು ಜಾಸ್ತಿಯಾಗಿರುತ್ತಿತ್ತು.

"ಎದಿ ತೋರಿಸ್ರಿ ಮಾಬುಸಾಬ್ರ. ಬಳ್ಳಾರಿಗೆ ಬರ್ರಿ, ನಾನು ಕರಕೊಂಡು ಹೋಗ್ತೀನಿ."

"ಕಾರ್ಡ್ ಬರ್ಲಿ ತಗೋರಿ ಸಾರ್. ನೋಡೋಣ ಅಂದಾರಲ್ಲ, ಇವತ್ತಿಲ್ಲ ನಾಳಿ ಬರ್ತೈತಿ."

ಆಗಲಾದರೂ ಹೇಳಬಹುದಿತ್ತು. ಮುಂದಿನ ವಾರ ಹೇಳೋಣ, ಹಬ್ಬ ಕಳೆಯಲಿ, ಎದುರಿಗೆ ಸಿಕ್ಕಾಗ ಹೇಳೋಣ ಎಂದುಕೊಂಡೆ. ಮುಂದೂಡುವ ವಿದ್ಯೆಗೆ ದೆಹಲಿಯವರೆಗೆ ಹೋಗಬೇಕಿರಲಿಲ್ಲ.

ಎಂಟು ತಿಂಗಳಾದ ಮೇಲೆ ಮಾಬುಸಾಬರು ಯಂತ್ರದ ಪಕ್ಕದಲ್ಲೇ ಕುಸಿದರು. ಬಳ್ಳಾರಿಯ ಆಸ್ಪತ್ರೆಗೆ ತಂದು ಹಾಕಿದರು. ನಾನು ಹೋದಾಗ ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ಪಕ್ಕದಲ್ಲಿ ಮಗಳು ರಜಿಯಾ ಕೂತಿದ್ದಳು, ಸಿರುಗುಪ್ಪದ ಕಾಲೇಜಿನಲ್ಲಿ ಬಿ.ಎ. ಓದುವವಳು. ಶ್ವಾಸಕೋಶ ಬಹಳ ಹಾಳಾಗಿದೆ, ಕೆಲವು ತಿಂಗಳು ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಅವಳ ಮಡಿಲಲ್ಲಿ ಗೋಡೆಯಿಂದ ಇಳಿಸಿ ತಂದ ಆ ಪ್ಲಾಸ್ಟಿಕ್ ಹಾಳೆ ಇತ್ತು. ದಿನವೂ ಅದರ ಕೆಳಗೇ ಓಡಾಡಿದ್ದವಳು, ಮೇಷ್ಟ್ರು ಓದಿ ಹೇಳಿದ್ದಾರಲ್ಲ ಎಂದು ತಾನು ಓದಿರಲಿಲ್ಲ. ಡಾಕ್ಟರ ಮಾತು ಕೇಳಿದ ಮೇಲೆ ಓದಿದಳು. ಓದಿ ತಂದೆಗೆ ಹೇಳಿದ್ದಳು.

 ಮಾಬುಸಾಬರು ಕೊಳವೆಯನ್ನು ಸ್ವಲ್ಪ ಸರಿಸಿ, ಉಸಿರು ಕೂಡಿಸಿಕೊಂಡು ಹೇಳಿದರು.

"ಸಾರ್, ಆ ಮಂತ್ರಿ ಖರೇ ಹೇಳಿದ್ದ. ಇಲ್ಲ ಅನ್ನೂದನ್ನ ಇಲ್ಲ ಅಂದಿದ್ದ. ಸುಳ್ಳು ಹೇಳಿದವ್ರು ನೀವು."

ಸಂಸತ್ತನ್ನು ಆಡಿಕೊಂಡು ನಾನು ಪಾರ್ವತಿನಗರದ ಕಟ್ಟೆಗಳ ಮೇಲೆ ಎಷ್ಟೋ ಸಂಜೆ ನಗಿಸಿದ್ದೆ. ಅವತ್ತು ಎದ್ದು ಮನೆಗೆ ಬಂದುಬಿಟ್ಟೆ. "ತಪ್ಪಾತು" ಎಂದದ್ದು ಮರುದಿನ ಮತ್ತೆ ಹೋದಾಗ. ಅವರು ತಲೆ ಆಡಿಸಿದರು. ಅದು ಕ್ಷಮೆಯೋ, ಕೇಳಿಸಿತು ಎಂಬ ಸನ್ನೆಯೋ ನನಗೆ ತಿಳಿಯಲಿಲ್ಲ.

ಮಾಬುಸಾಬರು ಬದುಕಿದರು. ಹಿಂಜುವ ಯಂತ್ರ ನಿಂತಿತು. ಅದೇ ಅಂಗಡಿಯಲ್ಲಿ ಈಗ ಫೋಮಿನ ಗಾದಿ ಮಾರುತ್ತಾರೆ, ಅದರಲ್ಲಿ ಧೂಳಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕೂತು ಸುಧಾರಿಸಿಕೊಳ್ಳಬೇಕು. ಆದರೆ ಸಿರುಗುಪ್ಪದಲ್ಲಿ ಹತ್ತಿ ಹಿಂಜುವವರು ಇನ್ನೂ ಇದ್ದಾರೆ, ಅವರಿಗಾಗಿ ರಜಿಯಾ ತಾನೇ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕಳಿಸಿದಳು. ನನ್ನನ್ನು ಕೇಳಲಿಲ್ಲ. ಅದು ನ್ಯಾಯವೇ.

ಇದನ್ನು ಬರೆಯಲು ಕೂತ ಎರಡನೆಯ ದಿನ, ಅಂದರೆ ನಿನ್ನೆ ಮಧ್ಯಾಹ್ನ, ತಂದೆ ಮಗಳಿಬ್ಬರೂ ಮನೆಗೆ ಬಂದರು. ಡಾಕ್ಟರಿಗೆ ತೋರಿಸಲು ಬಳ್ಳಾರಿಗೆ ಬಂದಿದ್ದರಂತೆ. ರಜಿಯಾ ಚೀಲದಿಂದ ಒಂದು ಲಕೋಟೆ ತೆಗೆದಳು. ಅರ್ಜಿಗೆ ಬಂದ ಉತ್ತರ. ಅವಳು ಓದಿದ್ದಾಳೆಂಬುದು ಲಕೋಟೆ ಹರಿದಿದ್ದರಲ್ಲೇ ಗೊತ್ತಾಗುತ್ತಿತ್ತು.

"ನಾ ಅಪ್ಪಗ ಇನ್ನೂ ಹೇಳಿಲ್ರಿ ಸಾರ್. ನೀವ ಓದಿ ಹೇಳಬೇಕಂತ ಅಂದಾರ."

ಓದಿದೆ. ತಮ್ಮ ಸಲಹೆಯನ್ನು ಗಮನಿಸಲಾಗಿದೆ ಎಂದಿತ್ತು, ಸರಕಾರಿ ಭಾಷೆಯಲ್ಲಿ ಇಲ್ಲ ಎಂದೇ ಅರ್ಥ. ಸೊಗಸಾದ ಇಂಗ್ಲಿಷು, ಎಲ್ಲೂ ಮುಳ್ಳು ಚುಚ್ಚದ ಹಾಗೆ ಹಿಂಜಿ ಮೆತ್ತಗೆ ಮಾಡಿದ್ದು. ಗಮನಿಸ್ಯಾರಂತ್ರಿ, ಒಳ್ಳೇದಾಗ್ತೈತಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಆಗಲೇ ಬಂದು ಕೂತಿತ್ತು. ಅಕ್ಷರಕ್ಕೆ ಅಕ್ಷರ ಸುಳ್ಳೂ ಅಲ್ಲ. ಮಾಬುಸಾಬರು ನನ್ನ ಮುಖ ನೋಡುತ್ತಿದ್ದರು, ಮಗಳೂ ನೋಡುತ್ತಿದ್ದಳು.

"ಇಲ್ಲ ಅಂದಾರ, ಮಾಬುಸಾಬ್ರ," ಎಂದೆ.

ಅವರು ಗೋಡೆಗೆ ಒರಗಿ ಉಸಿರು ಹದಕ್ಕೆ ತಂದುಕೊಂಡರು.

"ಇಷ್ಟು ಹೇಳಾಕ ಇಷ್ಟು ಬೆವತ್ರೇನ್ರಿ?" ಎಂದರು. "ಅಮ್ಮಾರಿಗೆ ಹೇಳಿ ಒಂದು ಚೊಂಬು ನೀರು ತರಸ್ರಿ ಸಾರ್. ಮೊದಲ ನೀವು ಕುಡೀರಿ, ಆಮ್ಯಾಲ ನನಗ ಕೊಡ್ರಿ."