ಕೇಳಿದ ಮೇಲೆ ಸೂತಕ

ಇಳಕಲ್ ಸೀರೆಯ ಕೆಳಗೆ ಮೊಣಕಾಲುದ್ದದ ಸ್ನೋ ಬೂಟು, ಮೇಲೆ ಗಂಡನ ಹಳೆಯ ಜಾಕೆಟ್ಟು. ಡ್ರೈವ್‌ವೇಯಲ್ಲಿ ಹಿಮ ತೋಡುತ್ತಿದ್ದ ಆಂಟಿಯನ್ನು ನಾನು ಮೊದಲು ಕಂಡದ್ದು ಹಾಗೆ. ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಹೈವೇಯಲ್ಲಿ ಕಾರು ಓಡಿಸಲು ಕಲಿಸಿದವರು ಅವರು; ಮಗಳು ಹುಟ್ಟಿದಾಗ ನನಗೆ ಬಾಣಂತನ ಮಾಡಿದವರೂ ಅವರೇ. ಅವರ ಬಾಯಲ್ಲಿ ನಾನು ಯಾವಾಗಲೂ "ತಂಗಿ".

ಆಂಟಿಗೆ ಗುಡಿಗಳ ಹುಚ್ಚು. "ಹೋದ ಊರಾಗ ಗುಡಿ ನೋಡ್ಲಾರ್ದ ಬರಬಾರ್ದು" ಎನ್ನುವರು. ಡೆಟ್ರಾಯ್ಟ್‌ನಲ್ಲೊಂದು ಮದುವೆಗೆ ಹೊರಟು, ಮೊದಲು ಅಲ್ಲಿನ ಗುಡಿಗೆ ಹೋಗಿ, ಮುಹೂರ್ತ ತಪ್ಪಿಸಿಕೊಂಡು ಬರೀ ಊಟಕ್ಕೆ ಹಾಜರಾದ ಹೆಂಗಸು! ನಮ್ಮ ಬಡಾವಣೆಯ ಹೆಂಗಸರನ್ನು ಕಟ್ಟಿಕೊಂಡು ವರ್ಷಕ್ಕೊಂದು ಪ್ರವಾಸ ಹೊರಡಿಸುತ್ತಿದ್ದರು. ಆ ವರ್ಷ ಬಾಲಿ.

ಅಲ್ಲಿನ ಪುರಾತನ ದೇವಸ್ಥಾನದೊಳಗೆ ಬುಗ್ಗೆಯ ನೀರು ಕಲ್ಲಿನ ಬಾಯಿಗಳಿಂದ ಕೊಳಕ್ಕೆ ಸುರಿಯುತ್ತದೆ. ದೇಶದೇಶದ ಪ್ರವಾಸಿಗರು ಬಾಡಿಗೆಯ ಪಂಚೆ ಸುತ್ತಿಕೊಂಡು ಸಾಲುಗಟ್ಟಿ ನಿಂತಿದ್ದರು. ಬಾಗಿಲಲ್ಲೊಂದು ಫಲಕವಿತ್ತು: ಮನೆಯಲ್ಲಿ ಸಾವಾಗಿದ್ದರೆ ಒಳಗೆ ಬರಬೇಡಿ.

"ನೋಡಿ ಆಂಟಿ, ಇಲ್ಲೂ ಸೂತಕ ಇದೆ!" ಎಂದು ನಾನೇ ನಕ್ಕೆ. ಆಂಟಿ ನಗಲಿಲ್ಲ. ನಾನು ನೀರಿಗಿಳಿದು, ಧಾರೆಗೆ ತಲೆಯೊಡ್ಡಿ, ಮೈಸೂರಿನಲ್ಲಿದ್ದ ಅಪ್ಪನ ಮಂಡಿನೋವು ಕಡಿಮೆಯಾಗಲಿ ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ. ಆಂಟಿ ಮೇಲಿನಿಂದ ಫೋಟೊ ತೆಗೆದರು.

ಹೋಟೆಲಿಗೆ ಮರಳಿ ರಾತ್ರಿ ಊಟವಾದ ಮೇಲೆ ನನ್ನನ್ನು ಕೋಣೆಗೆ ಕರೆದು ಕೈ ಹಿಡಿದುಕೊಂಡರು. "ತಂಗಿ, ನಿಮ್ಮ ಅಪ್ಪಾರು ಹೋದ್ರವ್ವ."

ನನ್ನ ಫೋನು ಅಲ್ಲಿ ನಡೆಯುತ್ತಿರಲಿಲ್ಲ. ಮನೆಯವರಿಗೆ ಆಂಟಿಯ ನಂಬರನ್ನೇ ಕೊಟ್ಟಿದ್ದೆ. ಅಣ್ಣನ ಕರೆ ಬಂದದ್ದು ಬೆಳಿಗ್ಗೆ, ನಾವು ದೇವಸ್ಥಾನಕ್ಕೆ ಹೊರಡುವ ಮೊದಲೇ.

"ಬೆಳಿಗ್ಗೇನೇ ಗೊತ್ತಿತ್ತಾ ಆಂಟಿ?"

"ಕೇಳಿದ ಮ್ಯಾಲೆ ಅಲ್ಲೇನವ್ವ ಸೂತಕ? ಇಷ್ಟ್ ದೂರ ಬಂದು ನೀ ಗುಡಿ ಹೊರಗ ನಿಂದರಬಾರ್ದು ಅಂತ ಸುಮ್ನಿದ್ದೆ."

ಅವರ ಫೋನಿನಿಂದಲೇ ಅಣ್ಣನಿಗೆ ಕರೆ ಮಾಡಿದೆ. "ವಿಡಿಯೋದಲ್ಲಾದ್ರೂ ಅಪ್ಪನ ಮುಖ ನೋಡ್ಲಿ ಅಂತ ಎಷ್ಟೊತ್ತು ಕಾದ್ವಿ ಗೊತ್ತಾ? ನೀನು ಸಿಗ್ತಿಲ್ಲ ಅಂದ್ರು ನಿಮ್ಮ ಆಂಟಿ. ಈಗ ಎಲ್ಲಾ ಮುಗೀತು" ಎಂದ.

ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ ಅನ್ನಿಸಿತು. ಹಿಂದಿನಿಂದ ನಾಲ್ಕು ಮಾತು ಆಡಿಕೊಂಡಿದ್ದರೆ ಮರೆತುಬಿಡುತ್ತಿದ್ದೆ. ಇದು ಹಾಗಲ್ಲ. ಅಪ್ಪನಿಲ್ಲದ ಹೊತ್ತಿನಲ್ಲಿ ಅಪ್ಪನ ಮಂಡಿಗಾಗಿ ನಾನು ಬೇಡಿಕೊಳ್ಳಲು ಬಿಟ್ಟು, ಅದರ ಫೋಟೊ ಹಿಡಿದರಲ್ಲ! ಅವರ ಮಟ್ಟಿಗೆ ಅದು ಉಪಕಾರವೇ, ಅದನ್ನು ನೆನೆದರೆ ಇನ್ನಷ್ಟು ಉರಿಯುತ್ತದೆ. ಶಿಕಾಗೋಗೆ ವಾಪಸಾದ ಮೇಲೆ ರೊಟ್ಟಿ, ಎಣ್ಣೆಗಾಯಿ ಮಾಡಿಕೊಂಡು ಬಾಗಿಲಿಗೆ ಬಂದರು.

"ಇನ್ನೂ ಸಿಟ್ಟೇನ ತಂಗಿ? ನಿನಗ ಪುಣ್ಯ ಬರ್ಲಿ ಅಂತ ಮಾಡೀನಿ."

ಡಬ್ಬಿ ಇಸಿದುಕೊಂಡೆ. ಒಳಗೆ ಕರೆಯಲಿಲ್ಲ.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಡೆಸ್ ಪ್ಲೇನ್ಸ್‌ನ ಫ್ಯೂನರಲ್ ಹೋಮ್‌ನಲ್ಲಿ ಅವರ ಮಗಳು ನನ್ನ ತೋಳು ಹಿಡಿದು, "ಕಮ್, ಸೀ ಹರ್ ಒನ್ ಲಾಸ್ಟ್ ಟೈಮ್" ಎಂದಳು. ಹೋಗಿ ನಿಂತೆ. ಅಪ್ಪನ ಮುಖ ನೋಡಲು ನನ್ನನ್ನು ಬಿಡದಿದ್ದ ಆಂಟಿಯ ಮುಖವನ್ನು ಬೇಕಾದಷ್ಟು ಹೊತ್ತು ನೋಡಿದೆ; ಯಾರೂ ಅವಸರ ಮಾಡಲಿಲ್ಲ. ಅಳು ಬಂತು. ಸಿಟ್ಟು ಮಾತ್ರ ಹೋಗಲಿಲ್ಲ.